ದೇವರು ಪ್ರೇಮನಾಟಕದ ನಾಯಕನಾದಾಗ: ‘ರತ್ನಾವಳಿ’ಯಿಂದ ‘ಮಿತ್ರವಿಂದಾಗೋವಿಂದ’ದವರೆಗೆ

‘ರತ್ನಾವಳಿ’ ನಾಲ್ಕು ಅಂಕಗಳ ಸಂಸ್ಕೃತ ನಾಟಿಕೆ. ಕನ್ನೌಜಿನಿಂದ 606ರಿಂದ 647ರವರೆಗೆ ಆಳಿದ ಹರ್ಷವರ್ಧನನ ಹೆಸರಿನಲ್ಲಿ ಉಳಿದುಬಂದಿರುವ ಮೂರು ನಾಟಕಗಳಲ್ಲಿ ಇದೊಂದು. ಉಳಿದೆರಡು ‘ಪ್ರಿಯದರ್ಶಿಕಾ’ ಮತ್ತು ‘ನಾಗಾನಂದ’. ಕನ್ನಡ ನಾಡಿಗೆ ಹರ್ಷ ಮೊದಲು ಪರಿಚಯವಾದದ್ದು ಕವಿಯಾಗಿ ಅಲ್ಲ, ಸೋತ ಅರಸನಾಗಿ. ಬಾದಾಮಿಯ ಇಮ್ಮಡಿ ಪುಲಕೇಶಿ ಅವನನ್ನು ಹಿಮ್ಮೆಟ್ಟಿಸಿದ ಸಂಗತಿಯನ್ನು 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹೆಮ್ಮೆಯಿಂದ ಬರೆದಿದ್ದಾನೆ. ಯುದ್ಧದಲ್ಲಿ ನರ್ಮದೆಯನ್ನು ದಾಟಲಾಗದವನು ಸುಮಾರು ಒಂದು ಸಾವಿರ ವರ್ಷಗಳ ನಂತರ ನಾಟಕದ ಮೂಲಕ ಕಾವೇರಿ ತೀರಕ್ಕೆ ಬಂದ. ಮೈಸೂರಿನ ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಆಸ್ಥಾನದಲ್ಲಿ ಸಿಂಗರಾರ್ಯ ‘ರತ್ನಾವಳಿ’ಯ ಕಥೆಯನ್ನು ಕನ್ನಡಕ್ಕೆ ಇಳಿಸಿ ‘ಮಿತ್ರವಿಂದಾಗೋವಿಂದ’ವನ್ನು ರಚಿಸಿದ. ಕನ್ನಡದಲ್ಲಿ ಇಂದು ದೊರೆಯುವ ನಾಟಕಗಳಲ್ಲಿ ಇದೇ ಮೊದಲನೆಯದು.

ಸಿಂಗರಾರ್ಯ ಕಥೆಯ ಹಂದರವನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡು ಪಾತ್ರಗಳನ್ನು ಬದಲಿಸಿದ. ವತ್ಸದೇಶದ ಅರಸ ಉದಯನನ ಜಾಗಕ್ಕೆ ಶ್ರೀಕೃಷ್ಣ ಬಂದ. ಸಿಂಹಳದ ರಾಜಕುಮಾರಿ ರತ್ನಾವಳಿಯ ಜಾಗಕ್ಕೆ ಮಿತ್ರವಿಂದೆ ಬಂದಳು. ನೋಡುವುದಕ್ಕೆ ಹೆಸರಿನ ಬದಲಾವಣೆ ಅಷ್ಟೆ. ಆದರೆ ಇದರ ಒಳಗೊಂದು ಧಾರ್ಮಿಕ ಪ್ರಶ್ನೆ ಸೇರಿಕೊಂಡಿದೆ. ಪ್ರೇಮದ ಹಾಸ್ಯನಾಟಕ ನಡೆಯುವುದು ತಿಳಿಯದಿರುವುದರಿಂದ: ಯಾರು ಯಾರೆಂದು ತಿಳಿಯದು, ಯಾರ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯದು, ಪರದೆಯ ಹಿಂದೆ ನಿಂತವರು ಯಾರೆಂದು ತಿಳಿಯದು. ಎಲ್ಲವನ್ನೂ ಬಲ್ಲವನು ಇಂಥ ನಾಟಕದ ನಾಯಕನಾಗುವುದು ಹೇಗೆ?

ಮೂಲದ ಕಥೆಯನ್ನು ಸ್ವಲ್ಪ ವಿವರವಾಗಿ ನೋಡಿದರೆ ತೊಡಕು ಎಲ್ಲೆಲ್ಲಿದೆ ಎಂಬುದು ಗೊತ್ತಾಗುತ್ತದೆ. ರತ್ನಾವಳಿಯ ಕೈಹಿಡಿದವನು ಸಾರ್ವಭೌಮನಾಗುತ್ತಾನೆಂದು ಒಬ್ಬ ಸಿದ್ಧ ಹೇಳಿದ್ದಾನೆ. ಅದನ್ನು ನಂಬಿದ ಮಂತ್ರಿ ಯೌಗಂಧರಾಯಣ ತನ್ನ ಅರಸನಿಗಾಗಿ ಅವಳನ್ನು ಕೇಳುತ್ತಾನೆ. ಉದಯನನ ಪಟ್ಟದರಾಣಿ ವಾಸವದತ್ತೆ ಸಿಂಹಳದ ದೊರೆಯ ಸೋದರಸೊಸೆ. ಅವಳ ಮನಸ್ಸು ನೋಯುತ್ತದೆಂದು ದೊರೆ ಹಿಂಜರಿಯುತ್ತಾನೆ. ಲಾವಾಣಕದ ಬೆಂಕಿಯಲ್ಲಿ ರಾಣಿ ತೀರಿಕೊಂಡಳೆಂಬ ಸುಳ್ಳು ಸುದ್ದಿಯನ್ನು ಮಂತ್ರಿ ಹಬ್ಬಿಸುತ್ತಾನೆ. ಹುಡುಗಿ ಹೊರಟ ಹಡಗು ಒಡೆಯುತ್ತದೆ. ಅವಳು ಹಲಗೆ ಹಿಡಿದು ಬದುಕುತ್ತಾಳೆ. ವ್ಯಾಪಾರಿಯೊಬ್ಬ ಕೌಶಾಂಬಿಗೆ ಕರೆತರುತ್ತಾನೆ. ಮಂತ್ರಿ ಅವಳ ಕುಲವನ್ನು ಮುಚ್ಚಿಟ್ಟು, ‘ಸಾಗರಿಕೆ’ ಎಂಬ ಹೆಸರಿನಲ್ಲಿ ವಾಸವದತ್ತೆಯ ಸೇವೆಗೇ ಬಿಡುತ್ತಾನೆ.

ಮೊದಲ ಅಂಕದಲ್ಲಿ ವಸಂತೋತ್ಸವ. ರಾಣಿ ಮನ್ಮಥನನ್ನು ಪೂಜಿಸುತ್ತಾಳೆ, ಅರಸನನ್ನೂ ಪೂಜಿಸುತ್ತಾಳೆ. ಮರೆಯಲ್ಲಿ ನಿಂತು ನೋಡುವ ಸಾಗರಿಕೆ ಅರಸನನ್ನೇ ಸಾಕ್ಷಾತ್ ಮನ್ಮಥನೆಂದು ಭಾವಿಸುತ್ತಾಳೆ. ಎರಡನೆಯದರಲ್ಲಿ ಅವಳು ಅವನ ಚಿತ್ರ ಬರೆಯುತ್ತಾಳೆ. ಗೆಳತಿ ಸುಸಂಗತೆ ಪಕ್ಕದಲ್ಲಿ ಇವಳ ಚಿತ್ರವನ್ನೂ ಬರೆದುಬಿಡುತ್ತಾಳೆ. ಲಾಯದಿಂದ ಕಪಿ ತಪ್ಪಿಸಿಕೊಂಡು ಬರುತ್ತದೆ, ಗದ್ದಲದಲ್ಲಿ ಪಂಜರದ ಸಾರಿಕೆ ಹಾರುತ್ತದೆ, ಹಾರಿದ ಹಕ್ಕಿ ಗೆಳತಿಯರ ಗುಟ್ಟಿನ ಮಾತನ್ನು ಅರಸನ ಕಿವಿಗೆ ಬೀಳುವಂತೆ ಒಪ್ಪಿಸುತ್ತದೆ. ಚಿತ್ರಫಲಕ ರಾಣಿಯ ಕಣ್ಣಿಗೂ ಬೀಳುತ್ತದೆ. ಅವಳು ಜಗಳವಾಡುವುದಿಲ್ಲ, ತಲೆನೋವೆಂದು ಹೇಳಿ ಹೊರಟುಹೋಗುತ್ತಾಳೆ. ಸಂಸ್ಕೃತ ನಾಟಕಗಳಲ್ಲಿ ಇಷ್ಟು ಚಿಕ್ಕ ಮಾತಿನಲ್ಲಿ ಇಷ್ಟು ದೊಡ್ಡ ಕೋಪ ಅಡಗಿರುವ ಜಾಗಗಳು ಕಡಿಮೆ.

ಮೂರನೆಯ ಅಂಕ ನಾಟಕದ ಜೀವ. ಸಾಗರಿಕೆ ರಾಣಿಯ ವೇಷದಲ್ಲಿ ಬಂದು ಅರಸನನ್ನು ಕಾಣಬೇಕೆಂಬ ಹೂಟ ಬಯಲಾಗಿ, ನಿಜವಾದ ರಾಣಿಯೇ ಅಲ್ಲಿಗೆ ಬರುತ್ತಾಳೆ. ಅರಸ ಅವಳನ್ನು ಸಾಗರಿಕೆ ಎಂದುಕೊಂಡು ಪ್ರೇಮದ ಮಾತಾಡುತ್ತಾನೆ. ಅವಳು ಮುಸುಕು ತೆಗೆದಾಗ ಕಾಲಿಗೆ ಬೀಳುತ್ತಾನೆ. ಅತ್ತ ದಿಕ್ಕುತೋಚದ ಸಾಗರಿಕೆ ಬಳ್ಳಿಯಿಂದ ನೇಣು ಹಾಕಿಕೊಳ್ಳಲು ಹೊರಟರೆ, ವೇಷ ನೋಡಿ ರಾಣಿಯೇ ಸಾಯುತ್ತಿದ್ದಾಳೆಂದು ಅರಸ ಓಡಿಬರುತ್ತಾನೆ. ತನ್ನ ಗಂಡನನ್ನು ಹಾಗೆ ಬಿಟ್ಟುಬಂದೆನಲ್ಲ ಎಂದು ಮರುಗಿ ಹಿಂದಿರುಗಿದ ರಾಣಿಗೆ ಕಾಣುವುದು ಆ ಇಬ್ಬರೂ ಜೊತೆಗಿರುವ ದೃಶ್ಯ. ಅವಳು ಸಾಗರಿಕೆಯನ್ನು ಸೆರೆಯಲ್ಲಿಡುತ್ತಾಳೆ. ನಾಲ್ಕನೆಯ ಅಂಕದಲ್ಲಿ ಐಂದ್ರಜಾಲಿಕನೊಬ್ಬ ಅಂತಃಪುರಕ್ಕೆ ಬೆಂಕಿ ಬಿದ್ದಂತೆ ತೋರಿಸುತ್ತಾನೆ, ಅರಸ ಉರಿಗೆ ನುಗ್ಗಿ ಹುಡುಗಿಯನ್ನು ಹೊರತರುತ್ತಾನೆ. ಅಷ್ಟರಲ್ಲಿ ಸಿಂಹಳದಿಂದ ಬಂದವರು ಅವಳ ಗುರುತು ಹಿಡಿಯುತ್ತಾರೆ. ಮಂತ್ರಿ ತನ್ನ ತಂತ್ರವನ್ನೆಲ್ಲ ಒಪ್ಪಿಕೊಳ್ಳುತ್ತಾನೆ. ವಾಸವದತ್ತೆ ತಾನೇ ತಂಗಿಯ ಕೈಯನ್ನು ಗಂಡನ ಕೈಗೆ ಕೊಡುತ್ತಾಳೆ.

ಈ ಕಥೆಯಲ್ಲಿ ಎಲ್ಲವನ್ನೂ ಬಲ್ಲವನು ಒಬ್ಬನೇ: ಯೌಗಂಧರಾಯಣ. ಅವನು ರಂಗದ ಮೇಲೆ ಹೆಚ್ಚು ಹೊತ್ತು ಇರುವುದಿಲ್ಲ, ಆದರೆ ಎಲ್ಲ ನಡೆಯುವುದು ಅವನ ಎಣಿಕೆಯಂತೆ. ಅರಸ ತನ್ನ ಪ್ರೇಮವನ್ನು ತಾನೇ ಆರಿಸಿಕೊಂಡೆನೆಂದು ತಿಳಿದಿದ್ದಾನೆ. ಅದು ಮಂತ್ರಿ ಮೊದಲೇ ಬರೆದಿಟ್ಟ ಲೆಕ್ಕ. ತತ್ತ್ವದ ದೃಷ್ಟಿಯಿಂದ ನೋಡಿದರೆ ‘ರತ್ನಾವಳಿ’ಯ ಅಂತರ್ಯಾಮಿ ಮಂತ್ರಿಯೇ ಹೊರತು ನಾಯಕನಲ್ಲ. ಹತ್ತನೆಯ ಶತಮಾನದ ಧನಂಜಯ ‘ದಶರೂಪಕ’ದಲ್ಲಿ ನಾಟಿಕೆಯ ಲಕ್ಷಣ ಹೇಳುವಾಗ ಇದಕ್ಕೆ ಇನ್ನೊಂದು ನಿಯಮವನ್ನು ಸೇರಿಸುತ್ತಾನೆ. ನಾಯಕ ಧೀರಲಲಿತನಾಗಿರಬೇಕು, ರಾಜ್ಯಭಾರವನ್ನು ಮಂತ್ರಿಗೆ ಒಪ್ಪಿಸಿ ಕಲೆಯಲ್ಲಿ, ಭೋಗದಲ್ಲಿ ನಿಶ್ಚಿಂತನಾಗಿರಬೇಕು, ಹೊಸ ಪ್ರೇಮದಲ್ಲಿ ತೊಡಗಿದಾಗ ಪಟ್ಟದರಸಿಗೆ ಹೆದರುತ್ತಿರಬೇಕು. ಹೆದರಿಕೆ ಇಲ್ಲದಿದ್ದರೆ ನಾಟಿಕೆಯೇ ಇಲ್ಲ.

ಈಗ ಉದಯನನ ಜಾಗದಲ್ಲಿ ಕೃಷ್ಣನನ್ನು ನಿಲ್ಲಿಸಿದರೆ ಒಂದೊಂದು ಕೀಲೂ ಸಡಿಲಗೊಳ್ಳುತ್ತದೆ. ಜಗತ್ತಿಗೇ ಒಡೆಯನಾದವನಿಗೆ ಸಾರ್ವಭೌಮತ್ವದ ಭವಿಷ್ಯವಾಣಿ ಆಮಿಷವಾಗಲಾರದು. ಸರ್ವಜ್ಞನ ಹಿಂದೆ ಇನ್ನೊಬ್ಬ ಸರ್ವಜ್ಞ ಮಂತ್ರಿ ನಿಂತು ದಾರ ಎಳೆಯಲಾರ. ಮುಸುಕಿನೊಳಗಿನ ಮುಖ ಯಾರದೆಂದು ಅಂತರ್ಯಾಮಿಗೆ ಗೊತ್ತಾಗದಿರುವುದು ಹೇಗೆ? ಎಲ್ಲಕ್ಕಿಂತ ಸೊಗಸಾದ ತಿರುವುಮುರುವು ಮೊದಲ ಅಂಕದ್ದು. ಮೂಲದಲ್ಲಿ ಹುಡುಗಿ ಮನುಷ್ಯನನ್ನು ದೇವರೆಂದು ತಪ್ಪಾಗಿ ತಿಳಿಯುತ್ತಾಳೆ, ನಗು ಹುಟ್ಟುವುದೇ ಅಲ್ಲಿ. ನಾಯಕ ನಿಜವಾಗಿಯೂ ದೇವರಾದರೆ, ಅದೂ ಪುರಾಣದ ಪ್ರಕಾರ ಪ್ರದ್ಯುಮ್ನನಾಗಿ ಹುಟ್ಟಿದ ಮನ್ಮಥನ ತಂದೆಯಾದರೆ, ಅಂಥ ತಪ್ಪು ತಪ್ಪಾಗಿ ಉಳಿಯುವುದೇ ಇಲ್ಲ.

ಪುರಾಣದ ಮಿತ್ರವಿಂದೆಯ ಕಥೆಯಲ್ಲಿ ಇಂಥ ಲಾಲಿತ್ಯಕ್ಕೆ ಎಡೆಯೇ ಇರಲಿಲ್ಲ. ಭಾಗವತದ ಹತ್ತನೆಯ ಸ್ಕಂಧದಲ್ಲಿ ಅವಳು ಅವಂತಿಯ ವಿಂದ–ಅನುವಿಂದರ ತಂಗಿ, ಕೃಷ್ಣನ ಸೋದರತ್ತೆ ರಾಜಾಧಿದೇವಿಯ ಮಗಳು. ದುರ್ಯೋಧನನ ಪಕ್ಷದ ಅಣ್ಣಂದಿರು ತಡೆದರು, ಕೃಷ್ಣ ರಾಜರೆಲ್ಲ ನೋಡುತ್ತಿರುವಂತೆಯೇ ಅವಳನ್ನು ಕೊಂಡೊಯ್ದ. ಒಂದೆರಡು ಶ್ಲೋಕಗಳಲ್ಲಿ ಮುಗಿಯುವ ಪ್ರಸಂಗವಿದು. ಅದರ ಮೇಲೆ ಉದಯನನ ಅಂತಃಪುರವನ್ನು ಕಟ್ಟಲು ಸಿಂಗರಾರ್ಯನಿಗೆ ಆಸ್ಥಾನದ ಕಾರಣವೂ ಇದ್ದಿರಬೇಕು. ಮೈಸೂರಿನ ಒಡೆಯರು ತಮ್ಮನ್ನು ಯದುವಂಶದವರೆಂದು ಕರೆದುಕೊಂಡವರು. ಯಾದವ ಕೃಷ್ಣ ನಾಯಕನಾದರೆ ಅದು ಆಶ್ರಯದಾತನ ವಂಶಕ್ಕೂ ಸಲ್ಲುವ ಮರ್ಯಾದೆ. ಆದರೆ ಆಸ್ಥಾನದ ಕಾರಣವೊಂದೇ ಸಾಲದು. ಸಿಂಗರಾರ್ಯ ಶ್ರೀವೈಷ್ಣವ, ಮಂತ್ರಿಯೂ ಕವಿಯೂ ಆದ ತಿರುಮಲಾರ್ಯನ ತಮ್ಮ. ‘ಚಿಕ್ಕದೇವರಾಜ ಬಿನ್ನಪ’ದಲ್ಲಿ ಅರಸನೇ ಮೇಲುಕೋಟೆಯ ನಾರಾಯಣನ ಮುಂದೆ ನಿಂತು ಅರಿಕೆ ಮಾಡಿಕೊಳ್ಳುವ ಆಸ್ಥಾನ ಅದು. ದೇವರನ್ನು ಹೆಂಡತಿಗೆ ಹೆದರುವ ಗಂಡನಾಗಿ ತೋರಿಸುವುದು ಅಪಚಾರವೆಂದು ಅಲ್ಲಿ ಯಾರಿಗೂ ಅನಿಸದೆ ಇರಲು ಸಿದ್ಧಾಂತದ ಬೆಂಬಲವೇ ಇತ್ತು.

ಆ ಬೆಂಬಲದ ಮೂಲ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿದೆ. ಯಾವ ಕೊರತೆಯೂ ಇಲ್ಲದ ಬ್ರಹ್ಮ ಜಗತ್ತನ್ನು ಏಕೆ ಸೃಷ್ಟಿಸಬೇಕು, ಪ್ರಯೋಜನವಿಲ್ಲದೆ ಯಾರೂ ಏನನ್ನೂ ಮಾಡುವುದಿಲ್ಲವಲ್ಲ ಎಂಬ ಆಕ್ಷೇಪವನ್ನು ಸೂತ್ರಕಾರರೇ ಎತ್ತಿ, ಅದು ಕೇವಲ ಲೀಲೆ ಎಂದು ಉತ್ತರಿಸುತ್ತಾರೆ. ಇದನ್ನು ವಿವರಿಸುವಾಗ ರಾಮಾನುಜರು ಶ್ರೀಭಾಷ್ಯದಲ್ಲಿ ಕೊಡುವ ದೃಷ್ಟಾಂತ ಅರಸನದು: ಏಳು ದ್ವೀಪಗಳ ಭೂಮಿಯನ್ನಾಳುವ ಸಾರ್ವಭೌಮ, ಬೇಕಾದ್ದೆಲ್ಲ ಕೈಯಲ್ಲಿದ್ದರೂ ಆಟಕ್ಕೆಂದೇ ಚೆಂಡಾಡುತ್ತಾನೆ. ದೇವರ ಆಟವನ್ನು ತಿಳಿಸಲು ಆಚಾರ್ಯರು ಅರಸನ ಆಟವನ್ನು ಆರಿಸಿಕೊಂಡರು. ಸಿಂಗರಾರ್ಯ ಅರಸನ ಆಟವೊಂದನ್ನು ಎತ್ತಿ ದೇವರಿಗೇ ಕೊಟ್ಟ. ದೃಷ್ಟಾಂತ ಕಥೆಯಾಗಿ ಬೆಳೆದಂತಾಯಿತು.

ಆದರೂ ಲೀಲೆಯ ಉತ್ತರ ಅರ್ಧ ಮಾತ್ರ. ಆಡುವವನಿಗೆ ಆಟವೆಂದು ಗೊತ್ತಿರುತ್ತದೆ, ಉದಯನನಿಗೆ ಗೊತ್ತಿರಲಿಲ್ಲ. ಹಾಗಾದರೆ ರಂಗದ ಮೇಲಿನ ಕೃಷ್ಣ ನಿಜವಾಗಿ ಏನನ್ನೋ ತಿಳಿಯದೆ ಇರುತ್ತಾನೆಯೇ, ಅಥವಾ ತಿಳಿಯದವನಂತೆ ನಟಿಸುತ್ತಾನೆಯೇ? ವೇದಾಂತದ ಮೂರು ಸಂಪ್ರದಾಯಗಳೂ ಇಲ್ಲಿ ಬೇರೆ ಬೇರೆ ದಾರಿ ಹಿಡಿಯುತ್ತವೆ. ಶಂಕರರಿಗೆ ಅವತಾರವೇ ಮಾಯೆಯಿಂದ ಹುಟ್ಟಿದಂತೆ, ದೇಹವಿದ್ದಂತೆ ತೋರುವ ಸಂಗತಿ. ಅಜ್ಞಾನ ತೋರಿದರೂ ಅದು ಆ ತೋರಿಕೆಯ ಒಂದು ಭಾಗ. ಮಧ್ವರ ನಿಲುವು ಇನ್ನೂ ಕಟ್ಟುನಿಟ್ಟು: ಭಗವಂತನಿಗೆ ಅಜ್ಞಾನವಾಗಲಿ ದುಃಖವಾಗಲಿ ಎಂದಿಗೂ ಇಲ್ಲ, ಇದ್ದಂತೆ ಕಂಡರೆ ಅದು ಅಯೋಗ್ಯರನ್ನು ಮೋಹಗೊಳಿಸಲು ಮಾಡಿದ ನಟನೆ. ಈ ಎರಡು ನಿಲುವುಗಳಲ್ಲಿಯೂ ಪ್ರೇಮನಾಟಕಕ್ಕೆ ಉಸಿರು ಸಿಕ್ಕುವುದು ಕಷ್ಟ. ಒಂದರಲ್ಲಿ ಪ್ರೇಮಿ ನಿಜವಲ್ಲ, ಇನ್ನೊಂದರಲ್ಲಿ ಅವನ ತಳಮಳ ನಿಜವಲ್ಲ.

ಶ್ರೀವೈಷ್ಣವರು ಪರತ್ವದ ಪಕ್ಕದಲ್ಲಿ ಸೌಲಭ್ಯವನ್ನು ಇಟ್ಟರು. ಎಟುಕದಷ್ಟು ದೊಡ್ಡವನು ಎಟುಕುವಂತೆ ಕೆಳಗಿಳಿಯುತ್ತಾನೆ, ಇಳಿದದ್ದು ನಟನೆಯಲ್ಲ, ಅವನ ಗುಣವೇ ಅದು. ಬೆಣ್ಣೆ ಕದ್ದು ಒರಳಿಗೆ ಕಟ್ಟಿಸಿಕೊಂಡ ಕೃಷ್ಣನನ್ನು ನೆನೆದ ನಮ್ಮಾಳ್ವಾರರು ಆರು ತಿಂಗಳು ಮೈಮರೆತರೆಂದು ಸಂಪ್ರದಾಯ ಹೇಳುತ್ತದೆ. ಭಾಗವತದ ಕುಂತಿಯೂ ಭಯವೇ ಹೆದರುವವನು ತಾಯಿಯ ಮುಂದೆ ಹೆದರಿ ನಿಂತದ್ದನ್ನು ನೆನೆದು ಬೆರಗಾಗುತ್ತಾಳೆ. ದಶರೂಪಕ ನಾಯಕನಿಗೆ ವಿಧಿಸಿದ ಹೆದರಿಕೆ ಇಲ್ಲಿ ದೋಷವಲ್ಲ, ಸ್ತುತಿಯ ವಸ್ತು.

ಇದು ಗ್ರಂಥದ ಮಾತಾಗಿ ಮಾತ್ರ ಉಳಿದಿಲ್ಲ. ಶ್ರೀರಂಗದಲ್ಲಿ ಪಂಗುನಿ ತಿಂಗಳ ಉತ್ಸವದಲ್ಲಿ ರಂಗನಾಥ ಉರೈಯೂರಿಗೆ ಹೋಗಿ ಕಮಲವಲ್ಲಿ ನಾಚ್ಚಿಯಾರಳ ಜೊತೆ ಸೇರಿ ಹಿಂದಿರುಗುತ್ತಾನೆ. ರಂಗನಾಯಕಿ ಬಾಗಿಲು ಮುಚ್ಚುತ್ತಾಳೆ. ಎರಡೂ ಕಡೆಯ ಅರ್ಚಕರು ವಾದ ಹೂಡುತ್ತಾರೆ, ಕೊನೆಗೆ ನಮ್ಮಾಳ್ವಾರರ ಮಧ್ಯಸ್ಥಿಕೆಯಲ್ಲಿ ರಾಜಿಯಾಗುತ್ತದೆ, ದಂಪತಿಗಳು ಒಂದೇ ಪೀಠದಲ್ಲಿ ದರ್ಶನ ಕೊಡುತ್ತಾರೆ. ತಿರುಮಲೆಯಲ್ಲಿಯೂ ಪ್ರಣಯಕಲಹದ ಉತ್ಸವ ಇದೆ. ‘ರತ್ನಾವಳಿ’ಯ ಮೂರನೆಯ ಅಂಕವೇ ಇಲ್ಲಿ ವರ್ಷಕ್ಕೊಮ್ಮೆ ಪೂಜೆಯಾಗಿ ನಡೆಯುತ್ತದೆ ಎನ್ನಬಹುದು. ರಾಮಾನುಜರು ಶರಣಾಗತಿಗದ್ಯವನ್ನು ಅರಿಕೆ ಮಾಡಿದ್ದು ಶ್ರೀರಂಗದ ಪಂಗುನಿ ಉತ್ತರದ ದಿನವೇ ಎಂದು ಸಂಪ್ರದಾಯದ ನಂಬಿಕೆ. ಸತಿಪತಿಯರ ಮುನಿಸು ಕರಗಿದ ಗಳಿಗೆಯೇ ಜೀವ ಮೊರೆಯಿಡಲು ತಕ್ಕ ಗಳಿಗೆ.

ಈ ಹಿನ್ನೆಲೆಯಲ್ಲಿ ನಾಟಿಕೆಯ ಕೊನೆಯ ದೃಶ್ಯಕ್ಕೆ ಹೊಸ ಅರ್ಥ ಬರುತ್ತದೆ. ಪಟ್ಟದರಸಿ ತಾನೇ ಹುಡುಗಿಯ ಕೈಹಿಡಿದು ಗಂಡನಿಗೆ ಒಪ್ಪಿಸುವುದು ಹರ್ಷನ ಕಾಲದ ಅರಮನೆಯಲ್ಲಿ ರಾಜಕೀಯದ ಒಪ್ಪಂದ. ಶ್ರೀವೈಷ್ಣವ ಓದುಗನಿಗೆ ಅದೇ ದೃಶ್ಯ ಪುರುಷಕಾರದ ಚಿತ್ರ: ಜೀವವನ್ನು ಭಗವಂತನ ಬಳಿಗೆ ತಲುಪಿಸುವವಳು ಲಕ್ಷ್ಮಿ, ಅವಳ ಶಿಫಾರಸಿಲ್ಲದೆ ಬಾಗಿಲು ತೆರೆಯುವುದಿಲ್ಲ. ಸಿಂಗರಾರ್ಯ ಇದನ್ನು ಉದ್ದೇಶಿಸಿಯೇ ಬರೆದನೆಂದು ಹಠ ಹಿಡಿಯಬೇಕಾಗಿಲ್ಲ. ಕಥೆಯ ಹಂದರಕ್ಕೂ ಸಿದ್ಧಾಂತದ ಹಂದರಕ್ಕೂ ಹೊಂದಿಕೆ ತಾನಾಗಿಯೇ ಕೂಡಿಬಂದಿದೆ.

ಹೊಂದಿಕೆ ಬಾರದ ಜಾಗವೂ ಇದೆ. ಲೀಲೆಯ ತತ್ತ್ವ ನಾಯಕನ ತಪ್ಪನ್ನು ಕರಗಿಸುತ್ತದೆ, ನಾಯಕಿಯ ಪಾಡನ್ನು ಸಾರ್ಥಕಗೊಳಿಸುತ್ತದೆ. ಹಿರಿಯ ರಾಣಿಯ ನೋವಿಗೆ ಅದರಲ್ಲಿ ಉತ್ತರವಿಲ್ಲ. ಉದಯನ ಮೋಸ ಮಾಡಿದಾಗ ಪ್ರೇಕ್ಷಕ ವಾಸವದತ್ತೆಯ ಪರವಾಗಿ ಅವನನ್ನು ಬೈಯಬಹುದು. ಗಂಡನೇ ದೇವರಾದ ಮೇಲೆ ಅವಳ ಸಿಟ್ಟು ಪ್ರಣಯಕಲಹವೆಂಬ ಅಲಂಕಾರವಾಗುತ್ತದೆ, ದೂರು ಕೊಡುವ ಕಟ್ಟೆಯೇ ಇಲ್ಲವಾಗುತ್ತದೆ. ಇದೇ ಆಸ್ಥಾನದಲ್ಲಿ ಸಂಚಿಯ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಬರೆದಳು. ಅದು ಗೃಹಿಣಿಯ ಕರ್ತವ್ಯಗಳ ಗ್ರಂಥವಾದರೂ ಹೆಣ್ಣನ್ನು ಹೀಗಳೆಯುವವರ ವಿರುದ್ಧ ನೇರವಾಗಿ ಮಾತಾಡುತ್ತದೆ. ಅರಮನೆಯಲ್ಲಿ ಸಂಚಿ ಹಿಡಿದು ನಿಂತವಳಿಗೆ ಅಂತಃಪುರದ ಹಾಸ್ಯ ಕವಿಗೆ ಕಂಡಷ್ಟು ಹಗುರವಾಗಿ ಕಂಡಿರಲಾರದು.

ಹಾಸ್ಯದಲ್ಲಿ ದೇವರನ್ನು ನಿಲ್ಲಿಸುವ ಬೇರೆ ದಾರಿಗಳು ಕನ್ನಡದಲ್ಲಿಯೇ ಇದ್ದವು. ಜೈನ ಕವಿಗಳಿಗೆ ತೊಡಕೇ ಇರಲಿಲ್ಲ. ಕರ್ಣಪಾರ್ಯನ ‘ನೇಮಿನಾಥಪುರಾಣ’ದಂಥ ಕೃತಿಗಳಲ್ಲಿ ಕೃಷ್ಣ ವಾಸುದೇವನೆಂಬ ಶಲಾಕಾಪುರುಷ, ಎಂದರೆ ಜೈನ ಪುರಾಣದ ಮಹಾಪುರುಷರಲ್ಲೊಬ್ಬ, ಸರ್ವಜ್ಞನಲ್ಲ. ಹರಿಹರನ ‘ಗಿರಿಜಾಕಲ್ಯಾಣ’ದ ದಾರಿ ಇನ್ನೊಂದು. ತಪಸ್ಸಿನಲ್ಲಿರುವ ಗಿರಿಜೆಯ ಮುಂದೆ ಶಿವ ವೇಷ ಮರೆಸಿಕೊಂಡು ಬಂದು ತನ್ನನ್ನೇ ತಾನು ಹಳಿದುಕೊಳ್ಳುತ್ತಾನೆ. ಅಲ್ಲಿ ದೇವರಿಗೆ ಎಲ್ಲ ಗೊತ್ತು, ಪ್ರೇಕ್ಷಕನಿಗೂ ಗೊತ್ತು, ಗೊತ್ತಿಲ್ಲದಿರುವುದು ಹುಡುಗಿಗೆ ಮಾತ್ರ. ಸರ್ವಜ್ಞತ್ವಕ್ಕೆ ಕುಂದಿಲ್ಲದೆ ನಗು ಹುಟ್ಟುತ್ತದೆ. ನಾಟಕದ ಕಸುಬಿನ ಲೆಕ್ಕದಲ್ಲಿ ಇದು ಸಿಂಗರಾರ್ಯನ ದಾರಿಗಿಂತ ಗಟ್ಟಿಯಾದದ್ದು.

ಶರಣರು ಪ್ರಶ್ನೆಯನ್ನೇ ಮಗುಚಿದರು. ಶರಣ ಸತಿ, ಲಿಂಗ ಪತಿ ಎಂಬ ನಿಲುವಿನಲ್ಲಿ ಪ್ರೇಮದ ತಳಮಳವೆಲ್ಲ ಭಕ್ತನದು. ದೇವರು ವೇಷ ಕಟ್ಟಿ ರಂಗಕ್ಕೆ ಬರಬೇಕಾಗಿಲ್ಲ, ಸವತಿಯ ಕಾಟವೂ ಇಲ್ಲ. ಈ ಪರಂಪರೆ ಬೇರುಬಿಟ್ಟ ಚಿತ್ರದುರ್ಗ ಸೀಮೆಯಲ್ಲಿ ನಾಟಕ ಧರ್ಮಕ್ಕೆ ಹೊರಗಿನದೆಂಬ ಭಾವನೆಯೂ ನಿಂತಿಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಮಠ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಮುಂದಾಳ್ತನದಲ್ಲಿ 1997ರಿಂದ ‘ಶಿವಸಂಚಾರ’ವೆಂಬ ತಿರುಗಾಟದ ತಂಡವನ್ನು ನಡೆಸುತ್ತಿದೆ. ಇತ್ತ ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಸೀಮೆಯೂ ಸೇರಿದಂತೆ ಹಳೇ ಮೈಸೂರಿನ ಊರೂರುಗಳಲ್ಲಿ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕಗಳನ್ನು ಊರವರೇ ಬಣ್ಣ ಹಚ್ಚಿ ಹಾರ್ಮೋನಿಯಂ ಮೇಷ್ಟ್ರ ಕೈಕೆಳಗೆ ಕಲಿತು ಆಡುತ್ತಾರೆ. ಕಿರೀಟ ತೊಟ್ಟ ಕೃಷ್ಣ ಪಕ್ಕದ ಮನೆಯವನೆಂದು ಎಲ್ಲರಿಗೂ ಗೊತ್ತು, ಆದರೂ ಅವನು ರಂಗಕ್ಕೆ ಬಂದಾಗ ಕೈಮುಗಿಯುವವರಿದ್ದಾರೆ. ದೇವರು ನಟಿಸಬಲ್ಲನೇ ಎಂದು ಭಾಷ್ಯಕಾರರು ವಾದಿಸಿದ್ದನ್ನು ಈ ಪ್ರೇಕ್ಷಕರು ನಟ ದೇವರಾಗಬಲ್ಲನೆಂದು ಒಪ್ಪಿಕೊಂಡೇ ದಾಟಿಬಿಟ್ಟಿದ್ದಾರೆ.

ಕೃಷ್ಣನ ಸಂಸಾರದ ಹಾಸ್ಯವನ್ನು ನಿಜವಾಗಿ ದಕ್ಕಿಸಿಕೊಂಡದ್ದು ಉತ್ತರ ಕರ್ನಾಟಕದ ‘ಶ್ರೀಕೃಷ್ಣ ಪಾರಿಜಾತ’. ಅಪರಾಳ ತಮ್ಮಣ್ಣನ ಹೆಸರಿನಲ್ಲಿ ನಿಂತಿರುವ ಈ ಆಟವನ್ನು ಕುಲಗೋಡ ತಮ್ಮಣ್ಣ ರಂಗದಲ್ಲಿ ಬೆಳೆಸಿದ. ಮುಂದೆ ಕೌಜಲಗಿ ನಿಂಗಮ್ಮನಂಥ ಕಲಾವಿದೆಯಿಂದ ಅದು ಮನೆಮಾತಾಯಿತು. ನಾರದ ತಂದ ಒಂದು ಹೂವು ರುಕ್ಮಿಣಿಗೆ ಸಿಕ್ಕಿತೆಂದು ಸತ್ಯಭಾಮೆ ಮುನಿಯುತ್ತಾಳೆ, ಜಗದೊಡೆಯ ಓಲೈಸುತ್ತ ಅಲೆಯುತ್ತಾನೆ. ಕೃಷ್ಣದೇವರಾಯನ ಆಸ್ಥಾನದ ನಂದಿ ತಿಮ್ಮನ ತನ್ನ ತೆಲುಗು ‘ಪಾರಿಜಾತಾಪಹರಣ’ದಲ್ಲಿ ಸತ್ಯಭಾಮೆ ಕೃಷ್ಣನ ತಲೆಗೆ ಎಡಗಾಲಿಂದ ಒದೆಯುವಂತೆ ಚಿತ್ರಿಸುವವರೆಗೂ ಹೋದ. ‘ಶ್ರೀಕೃಷ್ಣ ಪಾರಿಜಾತ’ದ ಹೆಚ್ಚುಗಾರಿಕೆ ಇರುವುದು ಅದು ದೇವರಿಂದ ಅಜ್ಞಾನವನ್ನು ಬೇಡದಿರುವುದರಲ್ಲಿ. ಕೃಷ್ಣನಿಗೆ ಎಲ್ಲ ತಿಳಿದಿದೆ, ತಿಳಿದೂ ಹೆಂಡತಿಯ ಮುಂದೆ ಏನೂ ನಡೆಯುವುದಿಲ್ಲ. ಸರ್ವಜ್ಞನ ಸೋಲು ಪ್ರೀತಿಯಲ್ಲಿ ಮಾತ್ರ ಸಾಧ್ಯ ಎಂಬುದನ್ನು ಅದು ಯಾವ ಭಾಷ್ಯವೂ ಇಲ್ಲದೆ ಆಡಿ ತೋರಿಸುತ್ತದೆ. ಸವತಿಯರಿಬ್ಬರಿಗೂ ಬಾಯಿತುಂಬ ಮಾತನ್ನೂ ಕೊಡುತ್ತದೆ.

‘ರತ್ನಾವಳಿ’ಯ ಮುಂದಿನ ರೂಪಾಂತರಗಳು ದೇವರನ್ನು ಬಿಟ್ಟು ಅರಸನ ಬಳಿಗೆ ಮರಳಿದವು. 1858ರಲ್ಲಿ ಕಲ್ಕತ್ತದ ಬೆಲ್ಗಾಛಿಯಾ ರಂಗಮಂದಿರದಲ್ಲಿ ರಾಮನಾರಾಯಣ ತರ್ಕರತ್ನನ ಬಂಗಾಳಿ ‘ರತ್ನಾವಳಿ’ ಪ್ರದರ್ಶನವಾಯಿತು. ಅದನ್ನು ಇಂಗ್ಲಿಷಿಗೆ ತಂದ ಮೈಕೆಲ್ ಮಧುಸೂದನ ದತ್ತ ಅತೃಪ್ತನಾಗಿ ತಾನೇ ‘ಶರ್ಮಿಷ್ಠಾ’ ಬರೆದ. ಮೈಸೂರಿನಲ್ಲಿ ಚಾಮರಾಜ ಒಡೆಯರ ಆಶ್ರಯದಲ್ಲಿದ್ದ ಬಸವಪ್ಪ ಶಾಸ್ತ್ರಿಗಳು (1843–1891) ‘ಶಾಕುಂತಲ’, ‘ಉತ್ತರರಾಮಚರಿತ’ಗಳ ಜೊತೆಗೆ ‘ರತ್ನಾವಳಿ’ಯನ್ನೂ ಕನ್ನಡಿಸಿದರು. ಅದೇ ರಾಜಮನೆತನದ ನೆರಳಿನಲ್ಲಿ ಇನ್ನೂರು ವರ್ಷಗಳ ಅಂತರದಲ್ಲಿ ಒಂದೇ ನಾಟಿಕೆ ಎರಡು ಸಲ ಕನ್ನಡವಾಯಿತು, ಎರಡನೆಯ ಸಲ ಉದಯನ ಉದಯನನಾಗಿಯೇ ಬಂದ. ನಾಟಕವಾಗಿ ‘ಮಿತ್ರವಿಂದಾಗೋವಿಂದ’ ಮೂಲಕ್ಕೆ ಸಮನಲ್ಲ. ವಿಮರ್ಶಕರು ಅದನ್ನು ಹೆಚ್ಚಾಗಿ ಚರಿತ್ರೆಯ ಮೊದಲ ಹೆಸರಾಗಿ ಮಾತ್ರ ಗುರುತಿಸಿರುವುದು ಅನ್ಯಾಯವೇನಲ್ಲ. ಆದರೆ ಅದರ ರಂಗದೌರ್ಬಲ್ಯಕ್ಕೆ ಕಾರಣವಾದ ಆ ಒಂದು ಬದಲಾವಣೆಯೇ ಶ್ರೀವೈಷ್ಣವ ಚಿಂತನೆಯ ವಿದ್ಯಾರ್ಥಿಗಳು ಅದನ್ನು ಮತ್ತೆ ಬಿಡಿಸಿ ಓದಲು ಸಾಕಾದ ಕಾರಣ.